ಎದುರುತ್ತರ ಕೊಡುವ ನಂಬಿಕೆ

ಎಫೆಸದವರಿಗೆ ಬರೆದ ಪತ್ರಿಕೆ ನಂಬಿಕೆಯನ್ನು ಗುರಾಣಿ ಎನ್ನುತ್ತದೆ. ಪ್ರವಚನಗಳಲ್ಲಿ ಈ ಮಾತು ಎಷ್ಟು ಸವೆದಿದೆಯೆಂದರೆ, ನಂಬಿದವನ ಹತ್ತಿರ ಸಂಶಯವಾಗಲಿ ಶೋಧನೆಯಾಗಲಿ ಸುಳಿಯುವುದೇ ಇಲ್ಲ ಎಂಬ ಅರ್ಥ ಅದಕ್ಕೆ ಬಂದುಬಿಟ್ಟಿದೆ. ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿ ಸನ್ಯಾಸಿಗಳು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಊರು ಬಿಟ್ಟು ನೈಟ್ರಿಯಾ, ಕೆಲಿಯಾಗಳ ಮರಳಿಗೆ ಹೋದವರಿಗೆ ಅಲ್ಲಿ ಎದುರಾದದ್ದು ತಮ್ಮದೇ ಮನಸ್ಸಿನ ಗದ್ದಲ.

ಆ ಗದ್ದಲವನ್ನು ಬಿಡಿಸಿ ಬರೆದವನು ಇವಾಗ್ರಿಯಸ್. ಕಪ್ಪು ಸಮುದ್ರದ ದಂಡೆಯ ಪೊಂಟಸ್ ಸೀಮೆಯವನು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದಾಗಲೇ ಮದುವೆಯಾದ ಹೆಂಗಸೊಬ್ಬಳ ಮೋಹಕ್ಕೆ ಸಿಕ್ಕಿ, ಹೆದರಿ ಜೆರುಸಲೇಮಿಗೆ ಓಡಿಬಂದ. ಮೆಲೇನಿಯಾ ಎಂಬ ತಪಸ್ವಿನಿಯ ಮಾತಿಗೆ ಓಗೊಟ್ಟು ಸನ್ಯಾಸಿಯಾಗಿ ಈಜಿಪ್ಟಿನ ಮರುಭೂಮಿ ಸೇರಿದ. 399ರಲ್ಲಿ ಅಲ್ಲೇ ತೀರಿಕೊಂಡ. ಶೋಧನೆಯ ಬಗ್ಗೆ ಅವನು ಹೇಳಿದ್ದು ಪುಸ್ತಕದ ಬದನೆಕಾಯಿಯಲ್ಲ.

ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಒಣಪ್ರತಿಷ್ಠೆ, ಅಹಂಕಾರ: ಅವನು ಎಣಿಸಿದ ಕೆಟ್ಟ ಆಲೋಚನೆಗಳು ಎಂಟು. ಅರಿಷಡ್ವರ್ಗ ಬಲ್ಲ ನಮಗೆ ಇದರಲ್ಲೇನು ಹೊಸತು ಅನ್ನಿಸಬಹುದು. ಆದರೆ ನಮ್ಮ ಆರರಲ್ಲಿ ಇಲ್ಲದ ಬೇಸರವೇ ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಭಾರದ ದೆವ್ವ. ಬೆಳಗ್ಗೆ ಹತ್ತರ ಸುಮಾರಿಗೆ ಅದು ಬರುತ್ತದೆ. ಹೊತ್ತು ಸರಿಯುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದ್ದಂತೆ ತೋರುತ್ತದೆ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಸೂರ್ಯನನ್ನು ಅಳೆಯುತ್ತಾನೆ, ಯಾರಾದರೂ ಮಾತಿಗೆ ಸಿಕ್ಕಾರೇ ಎಂದು ಅತ್ತಿತ್ತ ಕಣ್ಣಾಡಿಸುತ್ತಾನೆ. ಕೈಗೆಲಸ ಹಿಡಿಸದು, ಜೊತೆಯವರಲ್ಲಿ ಪ್ರೀತಿಯೇ ಉಳಿದಿಲ್ಲ ಅನ್ನಿಸುತ್ತದೆ, ಬಿಟ್ಟುಬಂದ ಮನೆಯವರು ನೆನಪಾಗುತ್ತಾರೆ. (ಆಫೀಸಿನಲ್ಲಿ ಕೂತು ಗಡಿಯಾರ ನೋಡುವವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.) ಸಂಶಯ ದೊಡ್ಡ ದೊಡ್ಡ ತರ್ಕ ಹೂಡಿಕೊಂಡು ಬರುವುದಿಲ್ಲ, ಮಧ್ಯಾಹ್ನದ ಸುಸ್ತಿನ ಜೊತೆ ಒಳಗೆ ನುಸುಳುತ್ತದೆ. ಈ ಪಂಥದ ಅತಿ ಸೂಕ್ಷ್ಮ ಅರಿವು ಇದು.

ಮದ್ದಾಗಿ ಅವನು 'ಆಂಟಿರೆಟಿಕೋಸ್', ಎಂದರೆ ಎದುರುತ್ತರ, ಎಂಬ ಗ್ರಂಥ ಬರೆದ. ಎಂಟು ಆಲೋಚನೆಗಳಿಗೆ ಎಂಟು ಭಾಗ, ಆಯಾ ಆಲೋಚನೆಯ ಮುಖಕ್ಕೆ ಹೊಡೆದಂತೆ ಹೇಳಲು ಬೈಬಲಿನ ಸುಮಾರು 500 ವಾಕ್ಯಗಳು. ಮಾದರಿ ಮತ್ತಾಯನ ಸುವಾರ್ತೆಯದೇ: ಅಡವಿಯಲ್ಲಿ ಯೇಸು ಸೈತಾನನಿಗೆ ಧರ್ಮೋಪದೇಶಕಾಂಡದ ಮಾತುಗಳಿಂದ ಉತ್ತರಿಸಿದ್ದ. ಆಲೋಚನೆ ಬರುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಒಳಗೆ ಬಿಡಾರ ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ ಎಂಬುದು ಇವಾಗ್ರಿಯಸನ ಪಾಠ. ಹದಿಮೂರು ವರ್ಷ ಕಾಮದೊಡನೆ ಸೆಣಸಿದ ಮರುಭೂಮಿಯ ತಪಸ್ವಿನಿ ಅಮ್ಮ ಸಾರಾ, ಈ ಹೋರಾಟ ನಿಲ್ಲಲಿ ಎಂದು ಬೇಡಲೇ ಇಲ್ಲವಂತೆ, ಬಲ ಕೊಡು ಎಂದಷ್ಟೇ ಬೇಡಿದಳಂತೆ. ದೆವ್ವ ಹೆಣ್ಣಿನ ರೂಪದಲ್ಲೇ ಬರುತ್ತದೆಂದು ಮತ್ತೆ ಮತ್ತೆ ಹೇಳುವ ಗಂಡಸರ ಕಥೆಗಳ ನಡುವೆ ಈ ಕಥೆಗೆ ಬೇರೆಯೇ ತೂಕವಿದೆ.

ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗರಿ ಈ ಪಟ್ಟಿಯನ್ನು ತಿದ್ದಿ ಏಳಕ್ಕಿಳಿಸಿದ. ಮುಂದೆ ಅವು ಸಪ್ತ ಮಹಾಪಾಪಗಳೆಂದೇ ಹೆಸರಾದವು. ನನ್ನ ಮಟ್ಟಿಗೆ ನಷ್ಟವಾದದ್ದು ಇಲ್ಲೇ. ಹೊರಗಿನಿಂದ ಬಂದು ಕಾಡುವ ಆಲೋಚನೆಯನ್ನು ನೋಡಿ ಗುರುತಿಸುವ ವಿದ್ಯೆ ಹಿಂದಾಗಿ, ತಪ್ಪೊಪ್ಪಿಗೆಯ ಲೆಕ್ಕಪುಸ್ತಕ ಮುಂದಾಯಿತು.

ಮೂಲದಲ್ಲೂ ಕುಂದಿತ್ತು. ದೇವರನ್ನು ದೂಷಿಸುವ ಆಲೋಚನೆಗೂ ಹಸಿದ ಹೊಟ್ಟೆಯ ಗೊಣಗಿಗೂ 'ಆಂಟಿರೆಟಿಕೋಸ್' ಕೊಡುವ ಚಿಕಿತ್ಸೆ ಒಂದೇ. ವಚನ ಹೇಳಿ ಓಡಿಸಬೇಕು, ಅಷ್ಟೆ. ಹಸಿವಿಗೆ, ಬೇಸರಕ್ಕೆ ಇದು ನಡೆದೀತು. ಮಗು ಸತ್ತ ತಾಯಿ 'ದೇವರು ಎಲ್ಲಿದ್ದಾನೆ' ಎಂದಾಗ ಅದನ್ನು ದೆವ್ವದ ಮಾತೆಂದು ತಳ್ಳುವುದು ಕ್ರೌರ್ಯ. ಅಂಥ ಪ್ರಶ್ನೆಯನ್ನು ಬೈಬಲಿನ ಯೋಬನೇ ದೇವರ ಮುಂದಿಟ್ಟಿದ್ದಾನೆ. ಕೇಳುವ ಸಂಶಯ ಯಾವುದು, ಕೆಡಿಸುವ ಸಂಶಯ ಯಾವುದು ಎಂದು ಬೇರ್ಪಡಿಸಲು ಈ ಪಂಥ ಕಲಿಯಲಿಲ್ಲ.

ಅದರ ಪೆಟ್ಟು ಇವಾಗ್ರಿಯಸನಿಗೇ ಬಿತ್ತು. ಆತ್ಮಗಳ ಮೂಲದ ಬಗ್ಗೆ ಹಿಂದಿನ ಕ್ರೈಸ್ತ ಚಿಂತಕ ಒರಿಜೆನ್‌ನ ಜಾಡಿನಲ್ಲಿ ಅವನು ನಡೆಸಿದ ಚಿಂತನೆಗಳು ಸಂಶಯಾಸ್ಪದವಾಗಿ ಕಂಡು, 553ರ ಚರ್ಚಿನ ಮಹಾಸಭೆಯ ಕಾಲಕ್ಕೆ ಅವನ ಹೆಸರಿಗೆ ಧರ್ಮದ್ರೋಹದ ಮುದ್ರೆ ಬಿತ್ತು. 'ಆಂಟಿರೆಟಿಕೋಸ್'ನ ಗ್ರೀಕ್ ಮೂಲ ಕಳೆದುಹೋಗಿ, ಸಿರಿಯಾಕ್ ಮತ್ತು ಅರ್ಮೇನಿಯನ್ ಅನುವಾದಗಳು ಉಳಿದವು. ಪ್ರಾರ್ಥನೆಯ ಕುರಿತು ಅವನು ಬರೆದ ಪುಸ್ತಕವನ್ನು ಮಾತ್ರ ಗ್ರೀಕ್ ಮಠಗಳು ಶತಮಾನಗಳ ಕಾಲ ನೀಲಸ್ ಎಂಬ ಇನ್ನೊಬ್ಬ ಸಂತನ ಹೆಸರಿನಲ್ಲಿ ಭಕ್ತಿಯಿಂದ ಓದಿಕೊಂಡು ಬಂದವು.