ಹೊಸ್ತಿಲಲ್ಲೊಂದು ನೇರ ತೋಡು

ಹಳೇ ಪೇಟೆಗೆ ಹೋದರೆ ನನ್ನ ಕಣ್ಣು ಮೊದಲು ಬೀಳುವುದು ಅಂಗಡಿಗಳ ಹೊಸ್ತಿಲಿನ ಮೇಲೆ. ಹಲಗೆಬಾಗಿಲಿನ ಅಂಗಡಿಯಾದರೆ ಮುಗಿದೇ ಹೋಯಿತು, ಅಲ್ಲೇ ನಿಂತುಬಿಡುತ್ತೇನೆ. ಈ ನಿಲುವಿನಿಂದ ಆ ನಿಲುವಿನವರೆಗೆ ಹೊಸ್ತಿಲ ಮೈಯಲ್ಲಿ ಒಂದು ತೋಡು ನೆಟ್ಟಗೆ ಹರಿದಿರುತ್ತದೆ. ಮೇಲಿನ ತೊಲೆಯಲ್ಲಿ ಅದರ ಜೋಡಿ. ರಾತ್ರಿ ಅಂಗಡಿ ಮುಚ್ಚುವಾಗ ಹಲಗೆಯ ತಲೆಯನ್ನು ಮೇಲಿನ ತೋಡಿಗೆ ಕೊಟ್ಟು, ಬುಡವನ್ನು ಕೆಳಗಿನದಕ್ಕೆ ಇಳಿಬಿಟ್ಟು, ಪಕ್ಕಕ್ಕೆ ಸರಿಸುತ್ತಾರೆ. ೧, ೨, ೩ ಎಂದು ಕೊರೆದ ಅಂಕಿಗಳ ಸರದಿಯಲ್ಲೇ ಹಲಗೆಗಳು ನಿಲ್ಲಬೇಕು. ಕೊನೆಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ.

ಇದರ ಜಾಣತನ ಇರುವುದು ಮೇಲಿನ ತೋಡಿನ ಆಳದಲ್ಲಿ. ಅದು ಕೆಳಗಿನದಕ್ಕಿಂತ ಆಳ. ಹಾಗಾಗಿ ಹಲಗೆಯನ್ನು ಎತ್ತಿ ಒಳಗೆ ಬಿಡಲು ಜಾಗ ಸಿಗುತ್ತದೆ, ಇಳಿದ ಮೇಲೆ ತಾನಾಗಿ ಕಳಚುವುದಿಲ್ಲ. ಜಪಾನಿನ ಹಳೆಯ ಮನೆಗಳಲ್ಲಿ ಜಾರುಬಾಗಿಲುಗಳು ನಿಲ್ಲುವುದೂ ಇದೇ ಉಪಾಯದಿಂದ. ಅಲ್ಲಿ ಕೆಳಗಿನ ಮರಕ್ಕೆ ಶಿಕಿಯಿ, ಮೇಲಿನದಕ್ಕೆ ಕಮೋಯಿ ಎನ್ನುತ್ತಾರೆ. ಅಷ್ಟು ದೂರದ ಬಡಗಿಯೂ ನಮ್ಮ ಬಡಗಿಯೂ ಒಂದೇ ಲೆಕ್ಕಕ್ಕೆ ಬಂದು ನಿಂತದ್ದನ್ನು ನೆನೆದಾಗಲೆಲ್ಲ ನನಗೆ ಹಿಗ್ಗು.

ಹೊಸ ಮರದಲ್ಲಿ ತೋಡು ತೆಗೆಯುವುದು ಒಂದು ಕೆಲಸ. ಕೂರಿಸಿ, ಎಣ್ಣೆ ಕುಡಿಸಿ, ವರ್ಷಗಟ್ಟಲೆ ತುಳಿದು ನುಣುಪಾದ ಹೊಸ್ತಿಲಲ್ಲಿ ತೆಗೆಯುವುದು ಬೇರೆಯೇ ಕೆಲಸ. ಕಾನಹೊಸಹಳ್ಳಿಯ ಅಂಗಡಿಯೊಂದರಲ್ಲಿ ಅದನ್ನು ಕಣ್ತುಂಬ ನೋಡಿದೆ. ಹಳೆಯ ತೋಡಿನ ಅಂಚು ಸವೆದು ಹಲಗೆಗಳು ಅಲುಗಾಡುತ್ತಿದ್ದವು. ಗೋಡೆಯ ಭಾರವೆಲ್ಲ ಚೌಕಟ್ಟಿನ ಮೇಲಿದ್ದುದರಿಂದ ಹೊಸ್ತಿಲನ್ನು ಕೀಳುವ ಮಾತೇ ಇರಲಿಲ್ಲ. ಎರಡು ಅಂಗುಲ ಒಳಗೆ ಹೊಸ ತೋಡು ತೆಗೆಯುವುದೆಂದು ಆಯಿತು. ಮರವೋ, ನಮ್ಮ ಒಣ ಕಾಡಿನ ಕಮರ. ನೀರಿಗೆ ಹಾಕಿದರೆ ಮುಳುಗುವಷ್ಟು ತೂಕದ, ಉಳಿಗೆ ಅಷ್ಟು ಸುಲಭಕ್ಕೆ ಮಣಿಯದ ಗಟ್ಟಿ ಜೀವ. ಅರಿಶಿನ, ಕುಂಕುಮ, ಎಣ್ಣೆ, ಕಾಲಧೂಳು ಎಲ್ಲ ಸೇರಿ ಅದರ ಮೈ ಕಪ್ಪಗೆ ಮಿರುಗುತ್ತಿತ್ತು.

ಬಡಗಿ ಮೊದಲು ತೊಲೆಯಿಂದ ತೂಗುಗುಂಡು ಇಳಿಬಿಟ್ಟ. ಮೇಲಿನ ಗೆರೆಯೂ ಕೆಳಗಿನದೂ ಒಂದರ ನೇರಕ್ಕೆ ಒಂದು ಬರದಿದ್ದರೆ ಹಲಗೆ ವಾಲುತ್ತದೆ. ಆಮೇಲೆ ಮಸಿ ಹಚ್ಚಿದ ನೂಲನ್ನು ಬಿಗಿಯಾಗಿ ಎಳೆದು, ನಡುವೆ ಎರಡು ಬೆರಳಲ್ಲಿ ಎತ್ತಿ ಬಿಟ್ಟ. ಟಪ್ ಎಂದು ಗೆರೆ ಮೂಡಿತು. ಅಷ್ಟಕ್ಕೇ ತೋಡು ಕೊರೆಯುವ ಮಷೀನಿಗೆ, ಅಂದರೆ ರೂಟರಿಗೆ, ಕೈ ಹಾಕಲಿಲ್ಲ. ಉಕ್ಕಿನ ಪಟ್ಟಿ ಇಟ್ಟು, ಚೂಪಾದ ಚೂರಿಯಿಂದ ತೋಡಿನ ಎರಡೂ ಅಂಚುಗಳನ್ನು ಗೀರಿದ; ಗೀರಿದಲ್ಲೇ ಮತ್ತೆ ಗೀರಿದ. ಮೇಲ್ಮೈಯ ನಾರು ಮೊದಲೇ ಕಡಿದಿದ್ದರೆ ಮಷೀನಿನ ಬಿಟ್ ಹಾಯುವಾಗ ಅಂಚು ಸಿಬಿರೇಳುವುದಿಲ್ಲ. ನುಣುಪಾದ ಹಳೆಯ ಮೈಯಲ್ಲಿ ಒಂದು ಸಿಬಿರೆದ್ದರೂ ಅದು ಜೀವಮಾನವಿಡೀ ಕಣ್ಣಿಗೆ ಚುಚ್ಚುತ್ತದೆ.

ನಂತರ ರೂಟರ್. ಒಂದು ನೇರ ಪಟ್ಟಿಯನ್ನು ಹೊಸ್ತಿಲಿಗೆ ಕ್ಲ್ಯಾಂಪ್‌ನಿಂದ ಬಿಗಿದು, ಅದಕ್ಕೆ ಮಷೀನನ್ನು ಆನಿಸಿ ನಡೆಸಿದ. ಬಿಟ್ ತಿರುಗುವ ರಭಸವೇ ಮಷೀನನ್ನು ಪಟ್ಟಿಗೆ ಒತ್ತುವ ದಿಕ್ಕಿನಲ್ಲಿ ಸಾಗಬೇಕು. ತಿರುಗುಮುರುಗಾದರೆ ಅದು ಪಟ್ಟಿ ಬಿಟ್ಟು ಅಲೆಯುತ್ತದೆ. ಒಂದು ಸಲಕ್ಕೆ ಒಂದೇ ನೂಲು ಆಳ, ಅಂದರೆ ಅಂಗುಲದ 8ರಲ್ಲಿ 1 ಪಾಲು. ಆತುರಪಟ್ಟರೆ ಬಿಟ್ ಕಾಯುತ್ತದೆ, ಮರ ಸುಡುತ್ತದೆ. ಅವನ ನೋಟ ಬಿಟ್‌ನ ಮೇಲಿರಲಿಲ್ಲ, ಗೆರೆಯ ಆ ತುದಿಯಲ್ಲಿ ನೆಟ್ಟಿತ್ತು. ನಮ್ಮ ಕಡೆ ಶೇಂಗಾ ಬಿತ್ತುವವನು ಬದುವಿನ ಗಿಡವನ್ನು ಗುರಿ ಹಿಡಿದು ಕೂರಿಗೆ ಹೊಡೆಯುತ್ತಾನಲ್ಲ, ಹಾಗೆ. ಕಪ್ಪು ಮೈ ಸೀಳಿದ ಹಾಗೆ ಒಳಗಿನಿಂದ ಕಡುಗೆಂಪು ಹೊರಬಿತ್ತು. ಬೆಚ್ಚನೆಯ, ಒಣ, ಆಗಷ್ಟೇ ಎಚ್ಚೆತ್ತಂಥ ಕೆಂಪು. ಎಷ್ಟೋ ವರ್ಷ ಬೆಳಕನ್ನೇ ಕಾಣದ ಆ ಬಣ್ಣದ ಮೇಲಿಂದ ಕಣ್ಣು ಕೀಳಲು ನನಗೆ ಮನಸ್ಸು ಬರಲಿಲ್ಲ.

ಆದರೆ ರಸ ಇರುವುದು ತುದಿಗಳಲ್ಲಿ. ಮಷೀನಿನ ಅಗಲವಾದ ಪಾದ ನಿಲುವಿಗೆ ತಾಗುವುದರಿಂದ ಎರಡೂ ಕಡೆ ಮೂರ್ನಾಲ್ಕು ಅಂಗುಲ ಉಳಿದೇ ಉಳಿಯುತ್ತದೆ. ಅಲ್ಲಿಂದ ಉಳಿ ಮತ್ತು ಕೊಡತಿಯ ರಾಜ್ಯ. ಉಳಿಯನ್ನು ಗೀರಿನೊಳಗೆ ಲಂಬವಾಗಿ ನಿಲ್ಲಿಸಿ ಒಂದು ಹದವಾದ ಪೆಟ್ಟು. ಓರೆ ಮಾಡಿ ಒಂದು ಚಕ್ಕೆ. ಮತ್ತೆ ಪೆಟ್ಟು, ಮತ್ತೆ ಚಕ್ಕೆ. ಆಳ ನೋಡಲು ಒಂದು ಮರದ ತುಂಡಿಗೆ ಮೊಳೆ ಹೊಡೆದು ಇಟ್ಟುಕೊಂಡಿದ್ದ. ಮೊಳೆಯ ತುದಿ ತಳಕ್ಕೆ ಎಲ್ಲಿ ತಾಗಲಿಲ್ಲವೋ ಅಲ್ಲಿ ಕೈ ನಿಂತಿತು; ಎಲ್ಲಿ ಎಡವಿತೋ ಅಲ್ಲಿ ಇನ್ನೊಂದು ತೆಳ್ಳನೆಯ ಸಿಪ್ಪೆ ಎದ್ದಿತು. ಕೊನೆಗೆ ಮಷೀನು ತೆಗೆದದ್ದೆಲ್ಲಿ, ಕೈ ತೆಗೆದದ್ದೆಲ್ಲಿ ಎಂದು ಬೆರಳಾಡಿಸಿ ಹುಡುಕಿದೆ. ಸಿಗಲಿಲ್ಲ.

ಹಲಗೆಗೆ ಒಂದು ಅಂಗುಲ ದಪ್ಪ. ತೋಡಿಗೆ ಅದಕ್ಕಿಂತ ಅರ್ಧ ನೂಲು ಹೆಚ್ಚು ಅಗಲ. ಆ ಅರ್ಧ ನೂಲೇ ಇಡೀ ಕೆಲಸದ ವಿವೇಕ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದ ತೇವಕ್ಕೆ ಉಬ್ಬುವುದೆಲ್ಲ ಅಡ್ಡಕ್ಕೆ. ಅದಕ್ಕೆ ಎಡೆ ಕೊಡದಿದ್ದರೆ ಶ್ರಾವಣದಲ್ಲಿ ಹಲಗೆ ಕಚ್ಚಿಕೊಳ್ಳುತ್ತದೆ, ಜಾಸ್ತಿ ಕೊಟ್ಟರೆ ಬೇಸಿಗೆಯ ಗಾಳಿಗೆ ಗಡಗಡ ಅನ್ನುತ್ತದೆ. ತೋಡಿನ ತಳಕ್ಕೆ ಮೇಣ ಉಜ್ಜಿ ಮೊದಲ ಹಲಗೆ ಇಳಿಬಿಟ್ಟಾಗ ಅದು ತನ್ನ ಭಾರಕ್ಕೇ ಕೂತಿತು. ಒಂದೇ ಅಂಗೈಯಲ್ಲಿ ತಳ್ಳಿದರೆ ಸರ್ರನೆ ಹೋಗಿ ನಿಲುವಿಗೆ ತಾಗಿ ನಿಂತಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಕುಲುಕಲಿಲ್ಲ.

ಮಾಘದಲ್ಲಿ ಕೊಟ್ಟೂರಿನ ತೇರಿಗೆ ಹೋಗುವವರು, ಹೆದ್ದಾರಿ 50ರಲ್ಲಿ ಹೊಸಪೇಟೆ ಕಡೆ ಸಾಗುವವರು ದಾರಿಯ ಪೇಟೆಗಳಲ್ಲಿ ಒಂದಿಷ್ಟು ನಿಧಾನಿಸಿ. ಶಟರುಗಳ ನಡುವೆ ಹಲಗೆಬಾಗಿಲಿನ ಅಂಗಡಿ ಕಂಡರೆ ಅಂಗಡಿಯವರನ್ನು ಕೇಳಿ, ಬಗ್ಗಿ ತೋಡಿನ ತುದಿಗೆ ಬೆರಳಿಡಿ. ಮೂಲೆ ಚೊಕ್ಕವಾಗಿದ್ದರೆ ಅದನ್ನು ಮಾಡಿದವನು ಉಳಿದದ್ದನ್ನೂ ಚೊಕ್ಕವಾಗಿ ಮಾಡಿದ್ದಾನೆಂದೇ ಲೆಕ್ಕ. ಮೇಲಿನ ತೊಲೆಯನ್ನೂ ತಲೆ ಎತ್ತಿ ನೋಡುವುದು ಮರೆಯಬೇಡಿ.