ಪಿಲಾ ಬೆಟ್ಟದ ಏರುದಾರಿ

ಫ್ರಾನ್ಸಿನ ಸೇಂತ್-ಎತಿಯೆನ್ ಪಟ್ಟಣದ ದಕ್ಷಿಣಕ್ಕಿರುವ ಪಿಲಾ ಬೆಟ್ಟಸಾಲನ್ನು 1,161 ಮೀಟರ್ ಎತ್ತರದಲ್ಲಿ ದಾಟುವ ಕೋಲ್ ದ ಲಾ ರೆಪುಬ್ಲಿಕ್ ಘಾಟಿಯು ಆಲ್ಪ್ಸ್‌ನ ಘಾಟಿಗಳೆದುರು ಕುಳ್ಳಗೆ ಕಂಡರೂ ಸೈಕಲ್ ಸವಾರಿಯ ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು. 'ವೆಲೊಸಿಯೊ' ಎಂಬ ಅಂಕಿತನಾಮದಿಂದ ಬರೆಯುತ್ತಿದ್ದ, 1887ರಲ್ಲಿ ಇದೇ ಪಟ್ಟಣದಿಂದ ಸೈಕಲ್ ಪತ್ರಿಕೆಯೊಂದನ್ನು ಆರಂಭಿಸಿದ ಪಾಲ್ ದ ವಿವಿ (1853–1930), ಸಮತಟ್ಟಾದ ರಸ್ತೆಗೆ ಒಗ್ಗುವ ಒಂದೇ ಗೇರು ಬೆಟ್ಟಕ್ಕೆ ಸಲ್ಲದೆಂದು ವಾದಿಸಿ, ಹಲವು ಗೇರುಗಳ ಸೈಕಲ್ಲುಗಳನ್ನು ಈ ಏರಿನಲ್ಲೇ ಪರೀಕ್ಷಿಸಿದರು.

ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಮಾಡುವ ಕೆಲಸ ಸರಳವಾದರೂ ಅದರ ಫಲ ಅಚ್ಚರಿಯದು: ಮುಂದೆ 50, ಹಿಂದೆ 11 ಹಲ್ಲುಗಳಿದ್ದಾಗ ಪೆಡಲಿನ ಒಂದು ಸುತ್ತಿಗೆ ಸುಮಾರು ಒಂಬತ್ತೂವರೆ ಮೀಟರ್ ಸಾಗುವ ಸೈಕಲ್ಲು, ಎರಡೂ ಕಡೆ 34 ಹಲ್ಲುಗಳಾದಾಗ ಎರಡು ಮೀಟರಿನಷ್ಟೇ ಮುಂದುವರಿದು, ಕಾಲಿನ ಮೇಲಿನ ಭಾರವನ್ನು ಅದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಟೂರ್ ದ ಫ್ರಾನ್ಸ್ ಸ್ಪರ್ಧೆ 1937ರವರೆಗೆ ಇದಕ್ಕೆ ಅವಕಾಶ ಕೊಡದಿದ್ದುದನ್ನು ಹಟಮಾರಿತನವೆನ್ನದೆ ವಿಧಿಯಿಲ್ಲ.

ಫರ್ ಕಾಡಿನೊಳಗೆ ಹೊರಳುವ ಇಲ್ಲಿನ ಕಿರುದಾರಿಗಳಲ್ಲಿ ವಾಹನಗಳು ವಿರಳವಾದುದರಿಂದ ಸವಾರನ ಗಮನವೆಲ್ಲ ರಸ್ತೆಯ ಇಳಿಜಾರಿನ ಮೇಲೆಯೇ ನಿಲ್ಲುತ್ತದೆ. ಹಿಮ್ಮುರಿ ತಿರುವಿನ ಒಳಅಂಚು ಹೊರಅಂಚಿಗಿಂತ ಕಡಿದಾಗಿರುವ ಕಾರಣ, ರಸ್ತೆಯ ಬಲಬದಿಯಲ್ಲಿ ಸಾಗುವವನಿಗೆ ಬಲತಿರುವೇ ಹೆಚ್ಚು ಕಠಿಣ. ಪೆಡಲನ್ನು ಬಲವಾಗಿ ಒತ್ತುತ್ತಿರುವಾಗ ಚೈನು ಸಲೀಸಾಗಿ ಸರಿಯುವುದಿಲ್ಲವಾದ್ದರಿಂದ ಪಳಗಿದ ಸವಾರನು ತಿರುವಿಗೆ ಮೊದಲೇ ಗೇರು ಇಳಿಸಿಕೊಂಡಿರುತ್ತಾನೆ.