ತುರಹಳ್ಳಿಯ ಕೆಂಪು ಬಾಲ

ಬೆಂಗಳೂರಿನ ಬನಶಂಕರಿ ಆರನೇ ಹಂತದ ಪಕ್ಕದ ತುರಹಳ್ಳಿ ಕಾಡಿಗೆ ಜನ ಬಂಡೆ ಹತ್ತಲು, ಸೈಕಲ್ ಓಡಿಸಲು ಬರುತ್ತಾರೆ. ನನಗೆ ಅಚ್ಚುಮೆಚ್ಚು, ತರಗೆಲೆಯಡಿ ಸರಸರ ಸರಿದುಹೋಗುವ ಚುಕ್ಕೆ ಹಾವುರಾಣಿ.

ಎಣ್ಣೆ ಸವರಿದಂತೆ ಹೊಳೆಯುವ ಕಂಚಿನ ಬಣ್ಣದ ಮೈ. ಹುರುಪೆಗಳ ಮೇಲಿನ ಕಪ್ಪು ಚುಕ್ಕೆಗಳು ಸಾಲುಗಟ್ಟಿ ಗೆರೆಗಳಾಗಿ ಕಾಣುತ್ತವೆ. ಕಾಲುಗಳು ಎಷ್ಟು ಗಿಡ್ಡವೆಂದರೆ, ಅವಸರದಲ್ಲಿ ಇಡೀ ಮೈಯನ್ನೇ ಬಳುಕಿಸಿ ನುಗ್ಗುತ್ತದೆ. ಕೆಳರೆಪ್ಪೆಯಲ್ಲೊಂದು ಪಾರದರ್ಶಕ ಕಿಟಕಿಯಿದೆ: ಮಣ್ಣು ಬೀಳದಂತೆ ಕಣ್ಣು ಮುಚ್ಚಿಕೊಂಡೂ ನೋಡಬಲ್ಲದು! ಇಷ್ಟು ಪುಟ್ಟ ಜೀವಕ್ಕೆ ಎಂಥ ಏರ್ಪಾಡು. ಮರಿಯ ಬಾಲವಂತೂ ಕಡುಗೆಂಪು. ಬೇಟೆಗೆ ಬಂದ ಹಕ್ಕಿಯ ಕಣ್ಣು ತಲೆ ಬಿಟ್ಟು ಬಾಲಕ್ಕೆ ಬೀಳುತ್ತದೆ. ಕಳಚಿದ ಬಾಲ ಅಲ್ಲೇ ಕುಣಿಯುತ್ತಿರುವಾಗ ಮರಿ ಪರಾರಿ. ಬಾಲ ಮತ್ತೆ ಬೆಳೆಯುತ್ತದೆ.

ಜೀವವಿಜ್ಞಾನಿ ಲಿನಿಯಸ್ 1758ರಲ್ಲೇ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ಆದರೂ ಜಯನಗರದ ಹಳೆಯ ಹಿತ್ತಿಲಲ್ಲೋ ಜೆ.ಪಿ. ನಗರದ ಹೂಕುಂಡದ ಕೆಳಗೋ ಕಂಡರೆ ಹಾವಿನ ಮರಿಯೆಂದು ಹೊಡೆಯುವವರು ಇನ್ನೂ ಇದ್ದಾರೆ. ಹೊಡೆಯಬೇಡಿ, ಇದಕ್ಕೆ ವಿಷವಿಲ್ಲ. ಹುಳಹುಪ್ಪಟೆ ತಿಂದು ಬದುಕುವ ಸಾಧು ಪ್ರಾಣಿ. ಉದುರಿದ ಎಲೆಗೆ ಬೆಂಕಿ ಹಚ್ಚದೆ ಮರದ ಬುಡದಲ್ಲೇ ಬಿಟ್ಟರೆ ಅದಕ್ಕೆ ಮನೆಯೂ ಆಯಿತು, ಊಟವೂ ಆಯಿತು.